ಕೋಸ್ಟರಿಕಾದಲ್ಲಿ ಸಿಕ್ಕ ಬಾದಾಮಿ ಮರ

ಬೆಳಗ್ಗೆ ಐದಕ್ಕೆ ಎಚ್ಚರವಾಯಿತು. ಖಾಲಿ ಡ್ರಮ್ಮಿನೊಳಗೆ ಬಾಯಿಟ್ಟು ಯಾರೋ ಗುಟುರು ಹಾಕಿದಂಥ ಸದ್ದು. ದಡದ ಕಾಡಿನಲ್ಲಿ ಹೌಲರ್ ಮಂಗಗಳು! ಹಡಗು ಲಂಗರು ಹಾಕಿದ್ದು ಅಷ್ಟು ದೂರದಲ್ಲಿ, ಆದರೂ ಪಕ್ಕದ ಕೋಣೆಯಲ್ಲೇ ಕೂಗಿದ ಹಾಗಿತ್ತು. ನಮ್ಮವರು ಮಾತ್ರ ಮಗ್ಗುಲು ಬದಲಿಸಿ ಮಲಗಿದರು.

ಇದು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಪೆಸಿಫಿಕ್ ದಂಡೆಯ ಓಸಾ ಪರ್ಯಾಯ ದ್ವೀಪ. 1975ರಲ್ಲಿ ಆದ ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನ ಇಲ್ಲೇ ಇದೆ. ನಾವು ಇಳಿಯಬೇಕಿದ್ದ ಸಾನ್ ಪೆದ್ರಿಯೊದಲ್ಲಿ ಜೆಟ್ಟಿ ಇಲ್ಲ. ರಬ್ಬರ್ ದೋಣಿಯಲ್ಲಿ ದಡದ ಹತ್ತಿರ ಹೋಗಿ, ಅಲೆ ಹಿಂದೆ ಸರಿದಾಗ ನೀರಿಗೇ ಕಾಲಿಡಬೇಕು. ನಾನು ಕುಮಟೆಯವಳು, ಸಮುದ್ರ ನನಗೇನು ಹೊಸದಾ? ಕೈ ಹಿಡಿಯಲು ಬಂದ ಹುಡುಗನಿಗೆ ಬೇಡ ಅಂದೆ. ಮುಂದಿನ ಅಲೆ ಸೊಂಟದವರೆಗೆ ನೆನೆಸಿತು. ಹಿಂದೆ ಯಾರೋ ನಕ್ಕರು. ಯಾರು ಅಂತ ತಿರುಗಿ ನೋಡಬೇಕಾಗಿರಲಿಲ್ಲ.

ಗೈಡ್ ಇಲ್ಲದೆ ಈ ಕಾಡಿಗೆ ಬಿಡುವುದಿಲ್ಲ. ಆತ ಹತ್ತು ಹೆಜ್ಜೆ ನಡೆದು ಕುಕ್ಕರಗಾಲಲ್ಲಿ ಕೂತ. ನೆಲದಲ್ಲಿ ಎಲೆಚೂರುಗಳ ಮೆರವಣಿಗೆ. ಒಂದೊಂದು ಇರುವೆಯೂ ತನಗಿಂತ ದೊಡ್ಡ ಎಲೆಯ ತುಂಡನ್ನು ಕೊಡೆಯಂತೆ ಎತ್ತಿ ಹಿಡಿದಿತ್ತು. ಕೆಲವು ತುಂಡುಗಳ ಮೇಲೆ ಇನ್ನೂ ಚಿಕ್ಕ ಇರುವೆ ಬೇರೆ. ಬಿಟ್ಟಿ ಸವಾರಿ ಅಂದುಕೊಂಡೆ. ಅಲ್ಲವಂತೆ, ಹೊರುವವಳ ಮೈಮೇಲೆ ಮೊಟ್ಟೆಯಿಡಲು ಬರುವ ನೊಣವನ್ನು ಓಡಿಸುವ ಕಾವಲು. ಎಲೆಯನ್ನು ಅವು ತಿನ್ನುವುದಿಲ್ಲ. ಗೂಡಿನಲ್ಲಿ ಅದನ್ನು ಗೊಬ್ಬರ ಮಾಡಿ ಶಿಲೀಂಧ್ರ ಬೆಳೆದುಕೊಳ್ಳುತ್ತವೆ. ಇರುವೆಗೂ ಕೃಷಿ! ಜಲಪಾತ ಇತ್ತು, ಚೆನ್ನಾಗಿತ್ತು. ಆದರೆ ನಮ್ಮ ಮಲೆನಾಡು ನೋಡಿದವರಿಗೆ ಬೆರಗೇನಿಲ್ಲ. ಮೂತಿ ಉದ್ದದ, ಹಂದಿಯಂಥ ಪ್ರಾಣಿ ಟೇಪಿರ್ ಸಿಗಲೇ ಇಲ್ಲ, ಬರೀ ಹೆಜ್ಜೆಗುರುತು.

ದಡಕ್ಕೆ ವಾಪಸ್ ಬಂದು ನೆರಳಲ್ಲಿ ಕೂತಿದ್ದೆವು. ಟಕ್, ಟಕ್ ಅಂತ ಮೇಲಿಂದ ಏನೋ ಬೀಳುತ್ತಿತ್ತು. ತಲೆಯೆತ್ತಿದರೆ ಕೆಂಪು ಮಕಾವ್ ಗಿಳಿಗಳ ಜೋಡಿ. ಇಲ್ಲಿನವರ ಬಾಯಲ್ಲಿ ಲಾಪಾ. ರೆಕ್ಕೆಯಲ್ಲಿ ಹಳದಿ, ನೀಲಿ, ಮೈಯುದ್ದದ ಬಾಲ. ಒಂದು ಹಕ್ಕಿ ಕಾಲಲ್ಲಿ ಕಾಯಿ ಹಿಡಿದು, ಅಜ್ಜಿ ಅಡಿಕೆ ತಿರುಗಿಸಿ ನೋಡುವ ಹಾಗೆ ಅತ್ತ ಇತ್ತ ತಿರುಗಿಸಿ, ಕಟಕ್ ಎಂದು ಒಡೆಯಿತು. ಕೆಳಗೆ ಬಿದ್ದ ಅರ್ಧ ಹೋಳು ಎತ್ತಿಕೊಂಡೆ. ನಾರು ನಾರು ಸಿಪ್ಪೆ, ದೋಣಿಯ ಆಕಾರ.

“ರೀ, ಇದು ನಮ್ಮ ಶಾಲೆ ಅಂಗಳದ ಬಾದಾಮಿ ಅಲ್ವಾ?”

“ಇದನ್ನ ನೋಡೋಕೆ ಇಷ್ಟು ದುಡ್ಡು ಸುರಿದು ಬಂದ್ವಾ?”

ಅಂಗಡಿ ಬಾದಾಮಿ ಅಲ್ಲ. ಎಲೆ ಕೆಂಪಗಾಗಿ ಉದುರುವ, ಒಣಗಿದ ಕಾಯನ್ನು ಕಲ್ಲಿನಲ್ಲಿ ಜಜ್ಜಿ ಬೆರಳೂ ಜಜ್ಜಿಕೊಂಡು ನಾವು ತಿನ್ನುತ್ತಿದ್ದ ಮರ. ಗೈಡ್ ನಕ್ಕ. ಈ ಮರ ಇಲ್ಲಿನದಲ್ಲ, ನಿಮ್ಮ ಏಷ್ಯಾ ಕಡೆಯಿಂದ ಬಂದದ್ದು, ಆದರೆ ಲಾಪಾಗಳಿಗೆ ಇದರ ಕಾಯಿ ಅಂದರೆ ಪ್ರಾಣ ಅಂದ.

ಒಂದು ಕಾಯಿ ಸುಮ್ನೆ ಜೇಬಿಗೆ ಹಾಕಿಕೊಂಡೆ. ಅವನ ಕಣ್ಣಿಗೆ ಬಿತ್ತು. ಇಲ್ಲಿಂದ ಏನೂ ಒಯ್ಯುವಂತಿಲ್ಲ. ಮರಳಿನ ಮೇಲೆ ವಾಪಸ್ ಇಟ್ಟೆ. ದೋಣಿ ಬರುವಷ್ಟರಲ್ಲಿ ಶಂಖ ಹೊತ್ತ ಏಡಿಯೊಂದು ಬಂದು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು.