ಅಪ್ಪ ಅಮ್ಮ, ಮಕ್ಕಳನ್ನು ಕರ್ಕೊಂಡು ಈಗ ಟಾಹೋಗೆ ಹೋಗಬಹುದಾ?

ನವೆಂಬರ್ 8ಕ್ಕೆ ಅಮೆರಿಕ ಮತ್ತೆ ಬಾಗಿಲು ತೆರೆದಿದ್ದೇ ತಡ, ಎರಡು ವರ್ಷ ಮೊಮ್ಮಕ್ಕಳನ್ನು ಫೋನಿನ ಪರದೆಯಲ್ಲೇ ನೋಡಿದ್ದ ಅಜ್ಜಿ ತಾತಂದಿರು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದಿಳಿದಿದ್ದಾರೆ. ಈಗ ಜನವರಿ 2022. ಮನೆಯಲ್ಲಿ ಕೋವಿಶೀಲ್ಡ್ ಎರಡು ಡೋಸ್ ಆದ ಹಿರಿಯರು, ಬೂಸ್ಟರ್ ಹಾಕಿಸಿಕೊಂಡ ಗಂಡ ಹೆಂಡತಿ, ನವೆಂಬರಿನಲ್ಲಷ್ಟೇ ಲಸಿಕೆಯ ಸರದಿ ಬಂದ ಏಳು ವರ್ಷದ ಮಗು, ಲಸಿಕೆಯೇ ಇಲ್ಲದ ಮೂರು ವರ್ಷದ ಇನ್ನೊಂದು. ಹೊರಗೆ ಒಮಿಕ್ರಾನ್. ಸ್ಕೀ ಬೆಟ್ಟಗಳ ನಡುವಿನ ಟಾಹೋ ಸರೋವರಕ್ಕೆ ಹೋಗುವ ದಾರಿಯಲ್ಲಿ, ಡಾನರ್ ಪಾಸ್ ಎಂಬ ಘಟ್ಟದ ಹತ್ತಿರದ ಬರ್ಕ್ಲಿ ಹಿಮ ಪ್ರಯೋಗಾಲಯದ ಲೆಕ್ಕದಲ್ಲಿ ಡಿಸೆಂಬರ್ ಒಂದೇ ತಿಂಗಳಲ್ಲಿ 200 ಇಂಚಿಗೂ ಹೆಚ್ಚು ಹಿಮ ಬಿದ್ದು, ಆ ತಿಂಗಳ ಹಳೆಯ ದಾಖಲೆ ಮುರಿದಿದೆ. "ಎಲ್ಲರನ್ನೂ ಕರ್ಕೊಂಡು ಒಂದ್ಸಲ ಟಾಹೋಗೆ ಹೋಗಿಬರಬಹುದಾ?" ಎಂದು ಕೇಳದವರಿಲ್ಲ.

ಹೋಗಬಹುದು. ಆದರೆ ಅಪಾಯ ಎಲ್ಲಿದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಂಡು ಹೋಗಬೇಕು. ಹಿಮದ ಮೇಲೆ, ಬಯಲಲ್ಲಿ, ಗಾಳಿ ಬೀಸುವ ಇಳಿಜಾರಿನಲ್ಲಿ ಸೋಂಕು ಹತ್ತುವ ಸಂಭವ ತೀರಾ ಕಡಿಮೆ. ಅಪಾಯ ಇರುವುದು ಸೂರಿನ ಕೆಳಗೆ: ಹಂಚಿಕೊಂಡ ಬಾಡಿಗೆ ಮನೆ, ಸ್ಕೀ ಬಾಡಿಗೆಗೆ ಕೊಡುವ ಅಂಗಡಿ, ಊಟದ ಹಾಲ್, ಬೆಟ್ಟ ಹತ್ತಿಸುವ ಮುಚ್ಚಿದ ರೋಪ್‌ವೇ ಪೆಟ್ಟಿಗೆಯಾದ ಗೊಂಡೋಲಾ. ಆಸ್ಟ್ರಿಯಾದ ಟಿರೋಲ್‌ನ ಇಷ್ಗ್ಲ್ ಎಂಬ ಸ್ಕೀ ಊರಿನಿಂದ 2020ರ ಮಾರ್ಚ್‌ನಲ್ಲಿ ಸೋಂಕು ಯೂರೋಪಿನ ತುಂಬ ಹರಡಿತು. ಅಲ್ಲಿಂದ ಮರಳಿದವರಿಗೆ ಕಾಯಿಲೆ ಇದೆಯೆಂದು ಐಸ್‌ಲ್ಯಾಂಡ್ ಮಾರ್ಚ್ 5ಕ್ಕೇ ಎಚ್ಚರಿಸಿತ್ತು, ಕಣಿವೆಯನ್ನು ಮುಚ್ಚಿದ್ದು 13ಕ್ಕೆ. ಏಪ್ರಿಲ್‌ನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಊರಿನವರಲ್ಲಿ ಶೇ. 42ರಷ್ಟು ಮಂದಿಗೆ ಪ್ರತಿಕಾಯಗಳಿದ್ದವು. ಅಷ್ಟು ಹರಡಲು ಮುಖ್ಯ ಕಾರಣ ಸ್ಕೀ ಮುಗಿಸಿ ಸಂಜೆ ಜನ ಒತ್ತೊತ್ತಾಗಿ ಸೇರುತ್ತಿದ್ದ ಬಾರುಗಳು.

ಹಾಗಾಗಿ ಮೊದಲ ಮಾತು ಬಾಡಿಗೆ ಮನೆಯದು. ನಮ್ಮವರಲ್ಲಿ ನಾಲ್ಕು ಕುಟುಂಬ ಸೇರಿ ಐದು ಬೆಡ್‌ರೂಮಿನ ಕ್ಯಾಬಿನ್ ಹಿಡಿದು, ಖರ್ಚು ಹಂಚಿಕೊಂಡು, ರಾತ್ರಿ ಅಂತ್ಯಾಕ್ಷರಿ ಆಡುವ ರೂಢಿ ಇದೆ. ಈ ಚಳಿಗಾಲ ಅದೊಂದನ್ನು ಬಿಡಿ. ಮೂರು ದಿನ, ಮುಚ್ಚಿದ ಕಿಟಕಿ, ಒಂದೇ ಹೀಟರಿನ ಗಾಳಿ, ಒಂದೇ ಊಟದ ಮೇಜು: ಒಬ್ಬರಿಗೆ ಇದ್ದರೆ ಉಳಿದವರಿಗೆ ಬಾರದೇ ಇರುವುದು ಕಷ್ಟ. ಸ್ನೇಹಿತರೂ ಬರುತ್ತಿದ್ದರೆ ಅವರಿಗೆ ಬೇರೆ ಮನೆ ಇರಲಿ, ಭೇಟಿ ಹಿಮದ ಮೇಲಾಗಲಿ. ಖರ್ಚು ಹೆಚ್ಚಾಗುತ್ತದೆ, ನಿಜ. ದಿನ ಕಡಿಮೆ ಮಾಡಿ, ಶುಕ್ರವಾರದ ಬದಲು ಮಂಗಳವಾರ ಹೊರಟರೆ ಅದರಲ್ಲಿ ಒಂದಷ್ಟು ಹೊಂದುತ್ತದೆ, ರಸ್ತೆಯ ಜನಜಂಗುಳಿಯೂ ತಪ್ಪುತ್ತದೆ.

ಮನೆಗೆ ಹೊಕ್ಕ ಕೂಡಲೇ ಎದುರುಬದುರಿನ ಎರಡು ಕಿಟಕಿ ತೆರೆದು ಅರ್ಧ ಗಂಟೆ ಬಿಡಿ. ಗೋಡೆ, ನೆಲ ಬೆಚ್ಚಗೇ ಇರುವುದರಿಂದ ಕಿಟಕಿ ಮುಚ್ಚಿದ ಮೇಲೆ ಕೋಣೆ ಬೇಗ ಬಿಸಿಯಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಇದ್ದರೆ ಒಯ್ಯಿರಿ: ಹೊರಗಿನ ಗಾಳಿಯಲ್ಲಿ ಸುಮಾರು 420 ತೋರಿಸುತ್ತದೆ, ಒಳಗೆ 800ರ ಒಳಗಿದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆ ಎಂದರ್ಥ. ಸೌದೆ ಒಲೆ ಉರಿಸುವಾಗ ಮಾತ್ರ ಹುಷಾರು. ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನುಗಳು ಒಟ್ಟಿಗೆ ಓಡಿದರೆ ಅವು ಒಳಗಿನ ಗಾಳಿಯನ್ನು ಎಳೆದುಹಾಕುತ್ತವೆ, ಅದರ ಜಾಗ ತುಂಬಲು ಚಿಮಣಿಯ ಹೊಗೆ ಹಿಂದಕ್ಕೆ ಕೋಣೆಯೊಳಗೇ ಇಳಿಯುತ್ತದೆ. ಫ್ಯಾನ್ ಹಾಕಿದಾಗ ಒಂದು ಕಿಟಕಿಯನ್ನು ನಾಲ್ಕು ಬೆರಳಷ್ಟಾದರೂ ತೆರೆದಿಡಿ.

ಇದರ ಜೊತೆಗೇ ತಲೆನೋವಿನ ವಿಷಯ ಹೇಳಿಬಿಡಬೇಕು, ಯಾಕೆಂದರೆ ಟಾಹೋದಲ್ಲಿ ಎಲ್ಲರನ್ನೂ ಗಾಬರಿಪಡಿಸುವುದು ಅದೇ. ಸರೋವರ ಸಮುದ್ರಮಟ್ಟದಿಂದ 6,200 ಅಡಿ ಎತ್ತರದಲ್ಲಿದೆ, ಹೆವೆನ್ಲಿ ಎಂಬ ಸ್ಕೀ ಬೆಟ್ಟದ ಗೊಂಡೋಲಾ ಹತ್ತಿದರೆ ನಡುವಿನ ವೀಕ್ಷಣಾ ಕಟ್ಟೆಯೇ 9,100 ಅಡಿ ದಾಟುತ್ತದೆ. ಸಮುದ್ರಮಟ್ಟದ ಬೇ ಏರಿಯಾದಿಂದ ನಾಲ್ಕು ಗಂಟೆಯಲ್ಲಿ ಅಲ್ಲಿಗೆ ಏರಿದವರಿಗೆ ಮೊದಲ ದಿನ ತಲೆ ಭಾರ, ಹೊಟ್ಟೆ ತೊಳಸುವಿಕೆ, ರಾತ್ರಿ ನಿದ್ದೆ ಬಾರದಿರುವುದು ಹೊಸದೇನಲ್ಲ. ಎತ್ತರದ ತೊಂದರೆಗೆ ಜ್ವರ ಬರುವುದಿಲ್ಲ, ಗಂಟಲು ಕೆರೆಯುವುದಿಲ್ಲ. ಆದರೆ ಹೀಟರಿನ ಒಣಗಾಳಿಗೆ ಗಂಟಲು ಕೆರೆಯುತ್ತದೆ, ಮೂಗಿನಲ್ಲಿ ರಕ್ತವೂ ಬರಬಹುದು. ಲಕ್ಷಣ ನೋಡಿ ನಿರ್ಧರಿಸಲು ಹೋಗಬೇಡಿ, ಪರೀಕ್ಷೆ ಮಾಡಿಬಿಡಿ.

ತಲೆನೋವಿಗೆ ಸೋಂಕು, ಎತ್ತರ ಬಿಟ್ಟು ಮೂರನೆಯ ಕಾರಣವೂ ಇದೆ, ಅದು ಎಲ್ಲಕ್ಕಿಂತ ಅಪಾಯಕಾರಿ. ಆಳ ಹಿಮ ಬಿದ್ದಾಗ ಗ್ಯಾಸ್ ಹೀಟರಿನ ಹೊಗೆ ಹೊರಹಾಕುವ ಕೊಳವೆ ಹೂತುಹೋಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಸೇರುತ್ತದೆ. ಎಲ್ಲರಿಗೂ ಒಟ್ಟಿಗೇ ತಲೆನೋವು, ಮಂಪರು, ವಾಂತಿ ಶುರುವಾಗಿ, ಹೊರಗೆ ನಿಂತರೆ ಹಗುರವಾದರೆ ಅದು ಸೋಂಕಲ್ಲ, ಎತ್ತರವೂ ಅಲ್ಲ. ತಕ್ಷಣ ಎಲ್ಲರೂ ಹೊರಬಂದು 911ಕ್ಕೆ ಕರೆ ಮಾಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಕ್ಸಿಜನ್ ತುಂಬಿದ ರಕ್ತವೆಂದೇ ಓದಿ 98 ತೋರಿಸುತ್ತದೆ. ಮನೆಗೆ ಹೋದ ಸಂಜೆಯೇ ಅಲಾರಂ ಇದೆಯೇ, ಬಟನ್ ಒತ್ತಿದರೆ ಕೂಗುತ್ತದೆಯೇ ನೋಡಿ. ಹೊರಗೆ ಗೋಡೆಯ ಮೇಲಿನ ಕೊಳವೆ ಎಲ್ಲಿದೆ ಎಂದು ಗುರುತಿಟ್ಟುಕೊಂಡು, ಹಿಮ ಬಿದ್ದಾಗ ಅದರ ಸುತ್ತ ಸಲಿಕೆಯಿಂದ ಬಿಡಿಸಿ. ರಸ್ತೆ ಮುಚ್ಚಿ ಕಾರಿನಲ್ಲೇ ಕಾಯುವಾಗಲೂ ಸೈಲೆನ್ಸರ್ ಬಾಯಿಗೆ ಹಿಮ ತುಂಬಿಲ್ಲವೆಂದು ನೋಡದೆ ಎಂಜಿನ್ ಹಾಕಬೇಡಿ.

ಅದೇ ಆಕ್ಸಿಮೀಟರ್ ಎರಡನೇ ಅಲೆಯ ನಂತರ ಅಪ್ಪ ಅಮ್ಮನ ಕೈಚೀಲದಲ್ಲಿ ಇದ್ದೇ ಇರುತ್ತದೆ. 94 ಕಂಡರೆ ಆಸ್ಪತ್ರೆ ಎಂದು ಅವರಿಗೆ ಮನದಟ್ಟಾಗಿದೆ. ಸರೋವರದ ಮಟ್ಟದಲ್ಲಿ 94–96 ಬರುವುದು ಸಹಜ, ಗೊಂಡೋಲಾ ಮೇಲೆ ಇನ್ನೂ ಎರಡು ಮೂರು ಕಡಿಮೆ. ತಣ್ಣಗಾದ ಬೆರಳು ಸುಳ್ಳೇ ಕಡಿಮೆ ತೋರಿಸುತ್ತದೆ, ಕೈ ಉಜ್ಜಿ ಬೆಚ್ಚಗೆ ಮಾಡಿ ಒಂದು ನಿಮಿಷ ಬಿಟ್ಟು ಓದಬೇಕು. ಹೋದ ಸಂಜೆಯೇ ಎಲ್ಲರ ಅಂಕಿ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಕೆಳಗೆ ಜಾರುತ್ತಾ ಹೋದರೆ, ಕೂತಲ್ಲೇ ಏದುಸಿರು ಬಂದರೆ ತಡಮಾಡಬಾರದು. ದಕ್ಷಿಣ ದಂಡೆಯಲ್ಲಿ ಬಾರ್ಟನ್, ಟ್ರಕಿಯಲ್ಲಿ ಟಾಹೋ ಫಾರೆಸ್ಟ್, ಎರಡೂ ಚಿಕ್ಕ ಆಸ್ಪತ್ರೆಗಳು. ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರನ್ನು ಈ ಅಲೆ ಇಳಿಯುವ ತನಕ ಕರೆದೊಯ್ಯದಿರುವುದೇ ಮೇಲು.

ಪರೀಕ್ಷೆಯನ್ನು ಹೊರಡುವ ದಿನದ ಬೆಳಿಗ್ಗೆಯೇ ಮಾಡಬೇಕು. ಮೂರು ದಿನ ಮೊದಲು ಮಾಡಿದ್ದು ಆ ಮೂರು ದಿನದ ಬಗ್ಗೆ ಏನೂ ಹೇಳುವುದಿಲ್ಲ. ಬೈನಾಕ್ಸ್‌ನೌ ಎಂಬ, ಮನೆಯಲ್ಲೇ ಮಾಡುವ ಕೋವಿಡ್ ಪರೀಕ್ಷೆಯ ಕಿಟ್ಟಿನಲ್ಲಿ ಕಾರ್ಡಿನ ಮೇಲಿನ ತೂತಿಗೆ ಎಣಿಸಿ 6 ಹನಿ ದ್ರಾವಣ, ಎರಡೂ ಮೂಗಿನ ಹೊಳ್ಳೆಯಲ್ಲಿ ಐದೈದು ಸುತ್ತು, ಕಡ್ಡಿಯನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತೂರಿಸಿ ಬಲಕ್ಕೆ ಮೂರು ಸಲ ತಿರುಗಿಸಿ, ಮುಚ್ಚಿ 15 ನಿಮಿಷ ಕಾಯಬೇಕು. 30 ನಿಮಿಷ ಕಳೆದ ಮೇಲೆ ಓದಿದ್ದು ಲೆಕ್ಕಕ್ಕಿಲ್ಲ. ಎಷ್ಟೇ ಮಸುಕಾಗಿರಲಿ, ಎರಡನೇ ಗೆರೆ ಬಂದರೆ ಪಾಸಿಟಿವ್. ಜನ ಎಡವುವುದು ಇನ್ನೊಂದು ಕಡೆ: ಉಳಿದ ಕಿಟ್‌ಗಳನ್ನು ರಾತ್ರಿ ಕಾರಿನಲ್ಲೇ ಬಿಡುತ್ತಾರೆ. ಇದನ್ನು 2ರಿಂದ 30 ಡಿಗ್ರಿಯೊಳಗೆ ಇಡಬೇಕು, ಹೆಪ್ಪುಗಟ್ಟಿದ ದ್ರಾವಣದ ಫಲಿತಾಂಶ ನಂಬುವಂತಿಲ್ಲ. ಮನೆಯೊಳಗೆ ಒಯ್ದು, ಕೋಣೆಯ ಬಿಸಿಗೆ ಬಂದ ಮೇಲೆ ಬಳಸಿ. ಜನವರಿ 15ರಿಂದ ಆರೋಗ್ಯ ವಿಮೆಯವರು ತಲೆಗೆ ತಿಂಗಳಿಗೆ 8 ಕಿಟ್‌ಗಳ ವೆಚ್ಚ ಕೊಡಬೇಕೆಂದಿದೆ. ಊರಿಂದ ಬಂದವರ ಪ್ರವಾಸಿ ವಿಮೆಗೆ ಅದು ಅನ್ವಯಿಸುವುದಿಲ್ಲ, ಅವರ ಕಿಟ್ ಕೈಯಿಂದಲೇ ಕೊಳ್ಳಬೇಕು. ಆ ಪಾಲಿಸಿಯಲ್ಲಿ ಕೋವಿಡ್ ಸೇರಿದೆಯೇ, ಸ್ಕೀಯಂಥ ಆಟದ ಪೆಟ್ಟನ್ನು ಹೊರಗಿಟ್ಟಿದ್ದಾರೆಯೇ ಎಂದೂ ಹೊರಡುವ ಮೊದಲೇ ಓದಿ.

ಸ್ಕೀ ಬಾಡಿಗೆಯನ್ನು ಬೆಟ್ಟದ ಬುಡದಲ್ಲಿ ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಅಂಗಡಿ ಕಿಕ್ಕಿರಿದಿರುತ್ತದೆ, ಬೂಟು ಎಳೆದು ಹಾಕಿಕೊಳ್ಳುತ್ತಾ ಎಲ್ಲರೂ ಏದುಸಿರು ಬಿಡುತ್ತಿರುತ್ತಾರೆ, ಮಕ್ಕಳು ಅಳುತ್ತಿರುತ್ತವೆ. ನಿಮ್ಮೂರಿನಲ್ಲೇ ಹಿಂದಿನ ದಿನ ಬಾಡಿಗೆಗೆ ತಂದರೆ ಈ ತಾಪತ್ರಯವೇ ಇಲ್ಲ. ಅಳತೆ ಕೊಡುವಾಗ ತೂಕ, ಎತ್ತರ, ವಯಸ್ಸು ಸರಿಯಾಗಿ ಹೇಳಿ. ಬಿದ್ದಾಗ ಸ್ಕೀ ಬೂಟಿನಿಂದ ಕಳಚಿಕೊಳ್ಳುವ ಬಿಗಿಯನ್ನು ಆ ಅಂಕಿಗಳಿಂದ, ಬೂಟಿನ ಅಟ್ಟೆಯ ಉದ್ದದಿಂದ ಲೆಕ್ಕ ಹಾಕಿ ಕೂರಿಸುತ್ತಾರೆ. ತೂಕ ಹೆಚ್ಚು ಹೇಳಿದರೆ ಸ್ಕೀ ಕಳಚುವುದಿಲ್ಲ, ಮಂಡಿ ತಿರುಚುತ್ತದೆ. ಕಾಲಿಗೆ ಒಂದೇ ಜೊತೆ ಉಣ್ಣೆಯ ಕಾಲುಚೀಲ ಸಾಕು. ಎರಡು ಜೊತೆ ಹಾಕಿದರೆ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಹತ್ತಿಯದಂತೂ ಬೇಡವೇ ಬೇಡ. ಮಕ್ಕಳ ತರಗತಿಗೆ ಅರ್ಧ ದಿನದ್ದನ್ನೇ ಆರಿಸಿ. ಪೂರ್ತಿ ದಿನದ ತರಗತಿಯಲ್ಲಿ ಹೆಚ್ಚಾಗಿ ಮಧ್ಯಾಹ್ನದ ಊಟ ಒಳಗೇ, ಎಲ್ಲ ಮಕ್ಕಳೂ ಮಾಸ್ಕ್ ತೆಗೆದು ಒಟ್ಟಿಗೆ ಕೂತು. ಹೊಸದಾಗಿ ಕಲಿಯುವ ಕುಟುಂಬಗಳ ಮೆಚ್ಚಿನ ಸಿಯೆರಾ-ಅಟ್-ಟಾಹೋ ಕಳೆದ ಆಗಸ್ಟಿನ ಕಾಲ್ಡೋರ್ ಕಾಡ್ಗಿಚ್ಚಿನಿಂದಾಗಿ ಮುಚ್ಚಿದೆ. ಅಲ್ಲಿಗೆ ಹೋಗುತ್ತಿದ್ದವರೂ ಬೇರೆ ಬೆಟ್ಟಗಳಿಗೇ ಬರುತ್ತಾರೆ ಅನ್ನುವುದು ನೆನಪಿರಲಿ.

ಊಟಕ್ಕೆ ಬುತ್ತಿಗಿಂತ ಒಳ್ಳೆಯ ದಾರಿ ಇಲ್ಲ. ಚಿತ್ರಾನ್ನ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಬಿಸಿ ಸಾರು, ಕಾರಿನ ಡಿಕ್ಕಿ ತೆರೆದುಕೊಂಡು ಹನ್ನೊಂದಕ್ಕೇ ಊಟ. ಹೆವೆನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್‌ಗಳಲ್ಲಿ ಬೆಟ್ಟದ ಮೇಲಿನ ಕೆಫೆಟೀರಿಯಾ ಒಳಗೆ ಹೋಗಲು 12 ದಾಟಿದವರೆಲ್ಲ ಲಸಿಕೆ ದಾಖಲೆ ತೋರಿಸಬೇಕು. ಹಿರಿಯರ ಕೋವಿನ್ ಪ್ರಮಾಣಪತ್ರದ ಪ್ರಿಂಟ್ ಜೇಬಿನಲ್ಲಿರಲಿ, ಮೇಲೆ ಫೋನಿಗೆ ಸಿಗ್ನಲ್ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಮನೆಯಲ್ಲಿ ಅಡುಗೆಗೆ ಕುಕ್ಕರ್ ಒಯ್ಯಲೇಬೇಕು. ಅಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬ ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲೂ ಎಂದಿಗಿಂತ ಒಂದೆರಡು ಸೀಟಿ ಹೆಚ್ಚು ಬೇಕು.

ಗೊಂಡೋಲಾದಲ್ಲಿ ಮಾಸ್ಕ್ ಕಡ್ಡಾಯ. ಕಳೆದ ಚಳಿಗಾಲದಂತೆ ಒಂದು ಗುಂಪಿಗೆ ಒಂದೇ ಪೆಟ್ಟಿಗೆ ಎಂಬ ನಿಯಮ ಈಗಿಲ್ಲ. ಜನ ಕಡಿಮೆ ಇರುವ ಹೊತ್ತಲ್ಲಿ, ಮಧ್ಯಾಹ್ನ ಒಂದೂವರೆಯ ಮೇಲೆ, ನಮ್ಮವರಷ್ಟೇ ಹೋಗುತ್ತೇವೆ ಎಂದು ಕೇಳಿ, ಬಿಡುತ್ತಾರೆ. ಕಿಟಕಿ ತೆರೆದಿಡಿ. ಒಂದು ಪದರದ ಕುತ್ತಿಗೆಪಟ್ಟಿ ಮಾಸ್ಕ್ ಅಲ್ಲ. ಒಳಗೆ ಎನ್95 ಅಥವಾ ಮಕ್ಕಳ ಅಳತೆಯ ಕೆಎಫ್94, ಅದರ ಮೇಲೆ ಮಂಕಿ ಕ್ಯಾಪ್, ಇದು ಸರಿಯಾದ ಜೋಡಿ. ಉಸಿರಿನ ತೇವಕ್ಕೆ ಒದ್ದೆಯಾದ ಮಾಸ್ಕಿನಲ್ಲಿ ಉಸಿರಾಡುವುದೇ ಕಷ್ಟ, ಆಗ ಮಕ್ಕಳು ಮೂಗಿನಿಂದ ಕೆಳಗೆ ಎಳೆದುಬಿಡುತ್ತಾರೆ. ದಿನಕ್ಕೆ ತಲೆಗೆ ಮೂರು ಇಟ್ಟುಕೊಂಡು ಬದಲಿಸುತ್ತಿರಿ. ಗಾಗಲ್ ಮಂಜಾದರೆ ಮೂಗಿನ ತಂತಿ ಒತ್ತಿ ಕೂರಿಸಿ, ಮಾಸ್ಕಿನ ಮೇಲಂಚು ಗಾಗಲ್ ಒಳಗೆ ಸೇರದಂತೆ ನೋಡಿ.

ಸ್ಕೀ ಮಾಡದ ಹಿರಿಯರಿಗೆ, ಪುಟ್ಟ ಮಕ್ಕಳಿಗೆ ಟೇಲರ್ ಕ್ರೀಕ್, ಬ್ಲ್ಯಾಕ್‌ವುಡ್ ಕ್ಯಾನ್ಯನ್‌ನಂಥ ಸ್ನೋ-ಪಾರ್ಕ್‌ಗಳೇ ಹಿತ. ಪರ್ಮಿಟ್ ಮೊದಲೇ ಕೊಂಡಿರಬೇಕು, ಇಲ್ಲದಿದ್ದರೆ ದಂಡ. ಅಮ್ಮನಿಗೆ ನೀರು ಹೊಗದ ಬೂಟು, ಅದರಡಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಕೊಡಿಸಿ. ಹೆಪ್ಪುಗಟ್ಟಿದ ಪಾರ್ಕಿಂಗ್ ಜಾಗದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದು ಅರವತ್ತು ದಾಟಿದವರಿಗೆ ಸೋಂಕಿನಷ್ಟೇ ದೊಡ್ಡ ಭಯ. ಪ್ಲಾಸ್ಟಿಕ್ ಸ್ಲೆಡ್ ಮುರಿದರೆ ಚೂರುಗಳನ್ನೆಲ್ಲ ಆರಿಸಿ ಮನೆಗೆ ತನ್ನಿ. ಹಿಮ ಕರಗಿದ ಮೇಲೆ ಅವು ಸರೋವರ ಸೇರುತ್ತವೆ.

ರಸ್ತೆಯ ಬಗ್ಗೆ ಚಿಕ್ಕದಾಗಿ. ಐ-80 ಮತ್ತು ಹೈವೇ 50 ಎರಡೂ 7,200 ಅಡಿಗೂ ಮೇಲೆ ಹಾದುಹೋಗುತ್ತವೆ. ರಸ್ತೆಬದಿಯ ಫಲಕದಲ್ಲಿ ಆರ್1 ಎಂದರೆ ಎಳೆಯುವ ಚಕ್ರಗಳಿಗೆ, ಜಾರದಂತೆ ಟೈರಿಗೆ ಸುತ್ತುವ ಚೈನ್, ಇಲ್ಲವೇ ಹಿಮದ ಟೈರ್. ಆರ್2 ಎಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ನಾಲ್ಕೂ ಕಡೆ ಹಿಮದ ಟೈರ್ ಇದ್ದರೆ ಮಾತ್ರ ವಿನಾಯಿತಿ. ಎರಡರಲ್ಲೂ ಚೈನ್ ಡಿಕ್ಕಿಯಲ್ಲಿರಲೇಬೇಕು. ಬಹುತೇಕ ಕುಟುಂಬದ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಹಿಂದಕ್ಕೆ ಕಟ್ಟಿದರೆ ತಿರುವಿನಲ್ಲಿ ಗಾಡಿ ನಿಮ್ಮ ಮಾತು ಕೇಳುವುದಿಲ್ಲ. ಮನೆಯ ಮುಂದೆ ಒಮ್ಮೆ ಕಟ್ಟಿ ಕಲಿಯಿರಿ: ಚಕ್ರದ ಮೇಲೆ ಹೊದಿಸಿ, ಒಳಗಿನ ಕೊಕ್ಕೆ ಮೊದಲು, ಹೊರಗಿನದು ಆಮೇಲೆ, ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿ ಮಾಡಿ. ಮುಖ್ಯರಸ್ತೆ ಮುಚ್ಚಿದಾಗ ಫೋನಿನ ನಕ್ಷೆ ತೋರಿಸುವ ಕಾಡುದಾರಿಗೆ ಇಳಿಯಬೇಡಿ, ಅಲ್ಲಿ ಹಿಮ ತೆಗೆಯುವವರು ಬರುವುದಿಲ್ಲ.

ಅಲ್ಲಿದ್ದಾಗಲೇ ಯಾರಿಗಾದರೂ ಎರಡನೇ ಗೆರೆ ಬಂದರೆ ಉಳಿದ ರಾತ್ರಿಗಳನ್ನು ಅಲ್ಲೇ ಕಳೆಯುವುದಕ್ಕಿಂತ, ಉಸಿರು ಸರಾಗವಾಗಿರುವಾಗಲೇ, ರಸ್ತೆ ತೆರೆದಿರುವಾಗಲೇ ಮನೆಗೆ ಹೊರಡಿ. ಎಲ್ಲರಿಗೂ ಎನ್95, ಮೂರು ವರ್ಷದ್ದಕ್ಕೆ ಮುಖಕ್ಕೆ ಕೂರುವ ಮಾಸ್ಕ್, ಸೋಂಕಿತರು ಹಿಂದಿನ ಸೀಟಿನ ಮೂಲೆಯಲ್ಲಿ, ಅಜ್ಜಿ ತಾತ ಅವರಿಂದ ಆದಷ್ಟು ದೂರ. ಹೀಟರ್ ಹೊರಗಿನ ಗಾಳಿ ಎಳೆಯುವಂತಿರಲಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ, ಎದುರುಬದುರು ಕಿಟಕಿ ಎರಡು ಬೆರಳು ಇಳಿದಿರಲಿ. ದಾರಿಯಲ್ಲಿ ಪೆಟ್ರೋಲಿಗೆ, ಶೌಚಕ್ಕೆ ಬಿಟ್ಟರೆ ಎಲ್ಲೂ ನಿಲ್ಲುವಂತಿಲ್ಲ. ಯಾರಿಗೂ ಏನೂ ಆಗದೆ ಮರಳಿದರೂ ಮೂರರಿಂದ ಐದನೇ ದಿನದೊಳಗೆ ಎಲ್ಲರೂ ಇನ್ನೊಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಸಂಕ್ರಾಂತಿಯ ಎಳ್ಳು ಬೀರುವುದು ಬಾಕಿ ಇದ್ದರೆ ಆ ಫಲಿತಾಂಶ ಬಂದ ಮೇಲೆ ಹೋಗಿ.