ಶಕುಂತಲೆಯ ಮುಳ್ಳು, ಅಮೃತಾಳ ಹುಡುಗಿಯರು

ರವಿವರ್ಮನ ಶಕುಂತಲೆಯನ್ನು ಕ್ಯಾಲೆಂಡರ್‌ಗಳಲ್ಲಿ ನೋಡುತ್ತಲೇ ಬೆಳೆದವಳು ನಾನು. ಕಾಲಿಗೆ ಮುಳ್ಳು ಚುಚ್ಚಿದ ನೆಪ. ಸಖಿಯ ಹೆಗಲ ಮೇಲೊಂದು ಕೈ, ಇನ್ನೊಂದು ಪಾದದ ಹತ್ತಿರ, ಕಣ್ಣು ಮಾತ್ರ ಹಿಂದಕ್ಕೆ, ದುಷ್ಯಂತನ ಕಡೆಗೆ. ಅವನು ಚಿತ್ರದಲ್ಲಿ ಇಲ್ಲವೇ ಇಲ್ಲ. ಆದರೂ ಇಡೀ ಚಿತ್ರ ಅವನದ್ದೇ, ಅಲ್ವಾ? ಸೀರೆಯ ನಿರಿಗೆ ಬಿಡಿಸಿದ ಕೈಚಳಕಕ್ಕೆ ಮಾತ್ರ ಈಗಲೂ ಸೋಲುತ್ತೇನೆ.

ಅಮೃತಾ ಶೇರ್‌ಗಿಲ್ 1935ರಲ್ಲಿ ಬಿಡಿಸಿದ ‘ಮೂವರು ಹುಡುಗಿಯರು’ ಬೇರೆಯೇ ಲೋಕ. ಪ್ಯಾರಿಸ್ಸಿನಲ್ಲಿ ಕಲಿತು ಬಂದ ಆಕೆಗೆ ಆಗ 22 ವರ್ಷ. ಹುಡುಗಿಯರು ಒತ್ತೊತ್ತಾಗಿ ಕೂತಿದ್ದಾರೆ, ಒಬ್ಬರನ್ನೊಬ್ಬರು ನೋಡುವುದಿಲ್ಲ. ನಮ್ಮನ್ನೂ ನೋಡುವುದಿಲ್ಲ. ಹಿಂದೆ ಕಾಡಿಲ್ಲ, ಮನೆಯಿಲ್ಲ, ಬರೀ ಬಣ್ಣ. ಯಾರನ್ನೋ ಕಾಯುತ್ತಿದ್ದಾರಾ, ಮದುವೆ ನಿಶ್ಚಯವಾಗಿದೆಯಾ, ಏನೂ ಹೇಳುವುದಿಲ್ಲ. ಗೋಡೆಗೆ ಹಾಕೋಕೆ ರವಿವರ್ಮನೇ ಸರಿ ಅನ್ನುತ್ತಾರೆ ಅಮ್ಮ. ನನಗೆ ಈ ಸಪ್ಪೆ ಮುಖದವರೇ ಜಾಸ್ತಿ ಇಷ್ಟ.