ದೀಪಾ ಧನರಾಜ್ ಅವರ ಸಿನಿಮಾ ನೋಡುತ್ತಾ

ಈ ವಾರ ದೀಪಾ ಧನರಾಜ್ ಅವರ ಹಳೆಯ ಸಾಕ್ಷ್ಯಚಿತ್ರಗಳನ್ನೇ ನೋಡುತ್ತಿದ್ದೇನೆ. ಪುಣೆಯಲ್ಲಿರುವ ಕನ್ನಡದವರು ಇವನ್ನು ನೋಡಲೇಬೇಕು, ಯಾಕೆಂದರೆ 1981ರ 'ಮೋಲಕರೀಣ್' ಇದೇ ಊರಿನದು. ಮನೆಗೆಲಸದ ಹೆಂಗಸರು ಒಟ್ಟಾಗಿ ಸಂಬಳ, ರಜೆ ಕೇಳಿ ಸಂಘ ಕಟ್ಟಿದ ಕತೆ. ಮರುವರ್ಷದ ಸಿನಿಮಾ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರ ಮುಷ್ಕರದ್ದು. ಊರಿಗೆ ಹೋಗುವಾಗ ಕಾಗಲ್ ದಾಟಿದ ಮೇಲೆ ಬರುತ್ತದಲ್ಲ, ಅದೇ ನಿಪ್ಪಾಣಿ! ಎಷ್ಟು ಸಲ ಆ ಊರು ದಾಟಿದ್ದೇವೆ, ಅಲ್ಲಿ ಇಂಥ ಮುಷ್ಕರ ಆಗಿತ್ತು ಅಂತ ಯಾರೂ ಹೇಳಿರಲಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಕಲಬುರ್ಗಿ ಕಡೆಯವರು. 'ಮೋಲಕರೀಣ್' ಸ್ವಲ್ಪ ಫೋನಲ್ಲೇ ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು, ನಿಂತೇ ನೋಡಿದರು. "ನಮಗ ಇನ್ನೂ ರಜಾ ಕೇಳಿದ್ರ ಮುಖ ಗಂಟ್ ಹಾಕ್ತಾರ ನೋಡ್ರಿ" ಅಂದರು. ನಮ್ಮ ಬಿಲ್ಡಿಂಗಿನಲ್ಲಿ ಯಾರ ಬಗ್ಗೆ ಹೇಳಿದರೋ, ನಾನು ಕೇಳಲಿಲ್ಲ.

ಈ ಎರಡೂ ಸಿನಿಮಾ ಮಾಡಿದ್ದು ಯುಗಾಂತರ ಅನ್ನುವ ಹೆಂಗಸರ ಸಿನಿಮಾ ತಂಡ. ದೀಪಾ ಅವರೂ ಸೇರಿ ಅದನ್ನು ಶುರು ಮಾಡಿದ್ದು 1980ರಲ್ಲಿ. ಕೆಲಸ ಮಾಡುವ ಹೆಂಗಸರ ಬಗ್ಗೆ ಸುಮ್ನೆ ದೂರದಿಂದ ತೆಗೆದ ಸಿನಿಮಾಗಳಲ್ಲ ಇವು. ಅವರ ಜೊತೆ ಕೂತು ಮಾತಾಡಿ, ಅವರನ್ನೂ ಸೇರಿಸಿಕೊಂಡು ಮಾಡಿದವು. ದೀಪಾ ಅವರು ಅಲ್ಲಿಗೇ ನಿಲ್ಲಲಿಲ್ಲ. 2011ರಲ್ಲಿ ತಮಿಳುನಾಡಿನ ಮುಸ್ಲಿಂ ಮಹಿಳಾ ಜಮಾತ್ (ಹೆಂಗಸರೇ ಕೂತು ನ್ಯಾಯ ಹೇಳುವ ಪಂಚಾಯ್ತಿ) ಬಗ್ಗೆ, 2018ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ವಿದ್ಯಾರ್ಥಿ ಚಳವಳಿ ಬಗ್ಗೆ ಸಿನಿಮಾ ಮಾಡಿದರು.

ಇನ್ನು ಕುಟುಂಬ ಯೋಜನೆ ಬಗ್ಗೆ 1991ರ 'ಸಮ್‌ಥಿಂಗ್ ಲೈಕ್ ಎ ವಾರ್'. ಅದರಲ್ಲಿ ಒಬ್ಬ ಡಾಕ್ಟರು ಸಂತಾನಹರಣ ಆಪರೇಷನ್ ಎಷ್ಟು ಬೇಗ ಮುಗಿಸುತ್ತೇನೆ ಅಂತ ಜಂಬದಿಂದ ಹೇಳಿಕೊಳ್ಳುತ್ತಾರೆ, ಎದುರಿಗೆ ಹೆಂಗಸರು. ಊಟದ ಹೊತ್ತಿಗೆ ಮಾತ್ರ ನೋಡಬೇಡಿ.